14416ಕ್ಕೆ ಕರೆ ಮಾಡಬಹುದು, ಆದರೆ ಎಲ್ಲಿ ಕೂತು?

ಸಂಜೆ ಆರರ ಹೊತ್ತಿಗೆ ಮಲ್ಲತ್ತಹಳ್ಳಿ ಕೆರೆಯ ಏರಿ ಮೇಲೆ ಒಮ್ಮೆ ನಡೆದು ನೋಡಿ. ಬಿಪಿ, ಶುಗರ್ ಎಂದು ಸುತ್ತು ಹಾಕುವ ಹಿರಿಯರ ನಡುವೆ, ಇಪ್ಪತ್ತೈದು ಮೂವತ್ತು ವಯಸ್ಸಿನವರು ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಒಬ್ಬೊಬ್ಬರೇ ಮಾತಾಡುತ್ತ ಹೋಗುತ್ತಿರುತ್ತಾರೆ. ಊರಿನ ಫೋನಿರಬಹುದು, ಪ್ರೀತಿ ಪ್ರೇಮ ಇರಬಹುದು ಎಂದು ನಾವೂ ಅಂದುಕೊಂಡಿದ್ದೆವು. ಕಳೆದ ತಿಂಗಳು ನಮ್ಮ ಡಿಪ್ಲೊಮಾ ಬ್ಯಾಚಿನ ಐದು ಜನ ಅಲ್ಲಿ ಸೇರಿದ್ದಾಗ ಒಬ್ಬ ಇದ್ದಕ್ಕಿದ್ದಂತೆ ಹೇಳಿದ: "ಆರು ತಿಂಗಳು ನಾನು ಕೌನ್ಸೆಲಿಂಗ್ ತಗೊಂಡಿದ್ದು ಇದೇ ಏರಿ ಮೇಲೆ ಕಣ್ರೋ. ವಾರಕ್ಕೊಂದ್ಸಲ, ನಡೀತಾ ನಡೀತಾ."

ಯಾರೂ ನಗಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಇನ್ನೊಬ್ಬ ಅಂದ: "ನಾನು ಗುಡ್ಡದ ಮೇಲೆ ಮಾರಾಯ."

ಈ ಬರಹ ಹುಟ್ಟಿದ್ದು ಆ ಎರಡು ಮಾತಿನಿಂದ. ನಾವು ಐದೂ ಜನ ಹಳ್ಳಿಯಿಂದ ಬಂದವರು. ಡಿಪ್ಲೊಮಾ ಓದುವಾಗ ಜ್ಞಾನಭಾರತಿಗೆ ಹತ್ತಿರ ಎಂದು ಮಲ್ಲತ್ತಹಳ್ಳಿಯಲ್ಲಿ ಒಂದು ಶೀಟಿನ ಮನೆ ಹಿಡಿದು ಅನ್ನ ಬೇಯಿಸಿಕೊಂಡಿದ್ದವರು. ಈಗ ಮೂವರು ಮೂರು ಜಿಲ್ಲೆಗಳಲ್ಲಿ ಸ್ಟ್ರಿಂಗರುಗಳು, ಒಬ್ಬ ಬೆಂಗಳೂರಲ್ಲೇ ಉಳಿದು ವೆಬ್ ಡೆಸ್ಕಿನಲ್ಲಿದ್ದಾನೆ, ಒಬ್ಬ ಪತ್ರಿಕೋದ್ಯಮಕ್ಕೆ ಕೈಮುಗಿದು ಇನ್ಶೂರೆನ್ಸ್ ಮಾಡಿಸುತ್ತಾನೆ. ಇಲ್ಲಿ ಹೇಳುವುದು ಯಾರ ಕತೆ ಎಂದು ಹೆಸರು ಹಾಕುವುದಿಲ್ಲ, ಊಹೆ ಮಾಡಲೂ ಹೋಗಬೇಡಿ. ಆ ಸಂಜೆ ಲೆಕ್ಕ ಹಾಕಿದರೆ ಐದರಲ್ಲಿ ಮೂವರಿಗೆ ಒಂದಲ್ಲ ಒಂದು ಹೊತ್ತಿನಲ್ಲಿ ಎದೆ ಹಿಡಿದುಕೊಂಡು ಕೂತ ಅನುಭವ ಇತ್ತು. ಅದಕ್ಕೇ ನಾವು ಎಂದೇ ಬರೆಯುತ್ತಿದ್ದೇವೆ.

ಮೊದಲು ಗುಡ್ಡದವನ ಕತೆ. ಅವನದು ಶಿವಮೊಗ್ಗ ಜಿಲ್ಲೆ, ಸಾಗರ ತಾಲೂಕು, ಶರಾವತಿ ಹಿನ್ನೀರಿನ ಆಚೆಯ ದಿಕ್ಕು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಎದ್ದ ಮೇಲೆ ಆ ಕಡೆಯ ಜನ ತಾಲೂಕು ಕೇಂದ್ರಕ್ಕೆ ಬರಲು ಹೊಳೆಬಾಗಿಲಿನ ಲಾಂಚ್ ಕಾಯುತ್ತಿದ್ದರು. ಸಂಜೆ ಕೊನೆಯ ಲಾಂಚ್ ತಪ್ಪಿದರೆ ಆ ರಾತ್ರಿ ಈಚೆಯೇ. 2025ರ ಜುಲೈ 14ರಂದು 2.44 ಕಿಲೋಮೀಟರ್ ಉದ್ದದ ಸಿಗಂದೂರು ಸೇತುವೆ ಉದ್ಘಾಟನೆಯಾಯಿತು. ಆ ಸುದ್ದಿಯನ್ನು ಅವನೂ ಬರೆದ. ಅಷ್ಟರಲ್ಲಿ ಅವನಿಗೆ ಕಾಯಿಲೆ ಶುರುವಾಗಿ ವರ್ಷ ದಾಟಿತ್ತು.

ಮೊದಲ ಸಲ ಆಗಿದ್ದು ಬಸ್‌ಸ್ಟ್ಯಾಂಡಿನಲ್ಲಿ. ಬೆಳಿಗ್ಗೆ ಸಾಲದಿಂದ ಜೀವ ಕಳೆದುಕೊಂಡ ರೈತರೊಬ್ಬರ ಮನೆಗೆ ಹೋಗಿ ಬಂದಿದ್ದ. ಡೆಸ್ಕಿನಿಂದ ಫೋನು: "ಫೋಟೊ ಕಳಿಸ್ರೀ, ಮನೆಯವರು ಅಳ್ತಿರೋದು ಇಲ್ವಾ?" ಮಧ್ಯಾಹ್ನ ಇನ್ನೊಂದು ಫೋನು: ವಿಶೇಷ ಪುರವಣಿಗೆ ಜಾಹೀರಾತಿನ ಟಾರ್ಗೆಟ್ ಮುಟ್ಟಿಲ್ಲ. ಬಸ್ಸಿಗೆ ಕಾಯುತ್ತಿದ್ದಾಗ ಎದೆ ಡವಡವ ಅನ್ನತೊಡಗಿತು, ಕೈ ತಣ್ಣಗಾಯಿತು, ಉಸಿರು ಅರ್ಧಕ್ಕೇ ನಿಂತ ಹಾಗಾಯಿತು. ಹಾರ್ಟ್ ಅಟ್ಯಾಕ್ ಎಂದೇ ತಿಳಿದ. ಆಟೊದವರು ಆಸ್ಪತ್ರೆಗೆ ಮುಟ್ಟಿಸಿದರು. ಇಸಿಜಿ ಸರಿ ಇತ್ತು. "ಗ್ಯಾಸ್ಟ್ರಿಕ್" ಎಂದು ಮಾತ್ರೆ ಕೊಟ್ಟು ಕಳಿಸಿದರು. ಎರಡನೇ ಸಲವೂ ಗ್ಯಾಸ್ಟ್ರಿಕ್. ಮೂರನೇ ಸಲ ಒಬ್ಬ ಚಿಕ್ಕ ವಯಸ್ಸಿನ ಡಾಕ್ಟರು ಇಸಿಜಿ, ರಕ್ತ, ಥೈರಾಯಿಡ್ ಎಲ್ಲ ನೋಡಿ, ಬಾಗಿಲು ಹಾಕಿ, "ರಾತ್ರಿ ಎಷ್ಟು ಗಂಟೆ ನಿದ್ದೆ ಬರುತ್ತೆ?" ಎಂದು ಕೇಳಿದರು. ಆ ಪ್ರಶ್ನೆಗೆ ಅವನು ಅತ್ತುಬಿಟ್ಟನಂತೆ.

ನಮ್ಮ ಕಡೆ ಇದಕ್ಕೆ ಹೆಸರುಗಳಿಗೇನೂ ಕೊರತೆ ಇಲ್ಲ. ಗಾಬರಿ, ದಿಗಿಲು, ಎದೆ ಹೊಡಕೊಳ್ಳೋದು, ಟೆನ್ಶನ್. ಡಾಕ್ಟರರು ಆತಂಕದ ಕಾಯಿಲೆ ಎನ್ನುತ್ತಾರೆ, ಹೀಗೆ ಒಮ್ಮೆಲೇ ಏರಿ ಹತ್ತಿಪ್ಪತ್ತು ನಿಮಿಷದಲ್ಲಿ ಇಳಿಯುವುದಕ್ಕೆ ಪ್ಯಾನಿಕ್ ಅಟ್ಯಾಕ್ ಎನ್ನುತ್ತಾರೆ. ಅದರಿಂದ ಜೀವ ಹೋಗುವುದಿಲ್ಲ. ಆದರೆ ಮತ್ತೆ ಬಂದೀತು ಎಂಬ ಹೆದರಿಕೆಯಲ್ಲಿ ಮನುಷ್ಯ ಮೊದಲು ಬಸ್‌ಸ್ಟ್ಯಾಂಡ್ ಬಿಡುತ್ತಾನೆ, ಆಮೇಲೆ ಸಂತೆ ಬಿಡುತ್ತಾನೆ, ಆಮೇಲೆ ಮನೆಯಿಂದ ಹೊರಡುವುದನ್ನೇ ಬಿಡುತ್ತಾನೆ. ವರದಿಗಾರನಾದವನು ಹೊರಡುವುದನ್ನೇ ಬಿಟ್ಟರೆ ಹೊಟ್ಟೆಪಾಡು?

ಡಾಕ್ಟರು ಕೌನ್ಸೆಲಿಂಗ್ ತೆಗೆದುಕೊಳ್ಳಿ ಎಂದರು. ಶಿವಮೊಗ್ಗಕ್ಕೆ ಹೋಗಿ ಬರುವುದೆಂದರೆ ಒಂದು ಇಡೀ ದಿನ. ಸುದ್ದಿಗಿಷ್ಟು ಎಂದು ದುಡ್ಡು ಬರುವವನಿಗೆ ಒಂದು ದಿನ ಹೋದರೆ ಅಂದಿನ ಸಂಪಾದನೆಯೂ ಹೋಯಿತು, ಬಸ್ ಚಾರ್ಜೂ ಹೋಯಿತು. ಹಾಗಾಗಿ ಆನ್‌ಲೈನ್. ಬೆಂಗಳೂರಿನ ಒಬ್ಬರು ಕೌನ್ಸೆಲರ್ ಮೇಡಂ ಒಪ್ಪಿಕೊಂಡರು, ಅವನ ಪರಿಸ್ಥಿತಿ ಕೇಳಿ ಫೀಸೂ ಇಳಿಸಿದರು. ಎಲ್ಲ ಸರಿಹೋಯಿತು ಎನ್ನುವಾಗ ಒಂದು ತೊಡಕು ಬಂತು: ಮಾತಾಡುವುದು ಎಲ್ಲಿಂದ?

ಮನೆಯಲ್ಲಿ ಸಿಗ್ನಲ್ ಇಲ್ಲ. ಕರೆಂಟು ಹೋದರೆ ಟವರೂ ಹೋಗುತ್ತದೆ, ಮಳೆಗಾಲದಲ್ಲಿ ಕರೆಂಟು ಇರುವುದಿಲ್ಲ. ಊರಿಗೆ ಸಿಗ್ನಲ್ ಸಿಗುವುದು ಒಂದೇ ಕಡೆ, ಬ್ಯಾಣದ ನೆತ್ತಿಯಲ್ಲಿ ಒಂದು ಗೇರುಮರದ ಬುಡದಲ್ಲಿ. ಕೊರೊನಾ ಕಾಲದಲ್ಲಿ ಮಲೆನಾಡಿನ ಮಕ್ಕಳು ಕೊಡೆ ಹಿಡಿದು ಗುಡ್ಡ ಹತ್ತಿ ಆನ್‌ಲೈನ್ ಕ್ಲಾಸು ಕೇಳಿದ ಸುದ್ದಿಯನ್ನು ನಾವೇ ಬರೆದಿದ್ದೆವು. ಅಂಥದೇ ಜಾಗ. ಸಿಗ್ನಲ್ ಅವನಿಗೊಬ್ಬನಿಗೆ ಸಿಗುವುದಿಲ್ಲ, ಊರಿಗೇ ಸಿಗುತ್ತದೆ. ಒಬ್ಬರು ಮಂಡಿಗೆ ಫೋನು ಹಚ್ಚಿ ರಾಶಿ ಅಡಿಕೆ ರೇಟು ಕೇಳುತ್ತಿರುತ್ತಾರೆ, ಒಬ್ಬಳು ಕಾಲೇಜು ಹುಡುಗಿ ನೋಟ್ಸ್ ಇಳಿಸಿಕೊಳ್ಳುತ್ತಿರುತ್ತಾಳೆ, ಒಬ್ಬರು ಅಜ್ಜಿ ಬೆಂಗಳೂರಿನ ಮಗನಿಗೆ "ಊಟ ಆತಾ?" ಎನ್ನುತ್ತಿರುತ್ತಾರೆ. ಇವನು ನಾಲ್ಕು ಮಾರು ದೂರದಲ್ಲಿ ನಿಂತು ತನ್ನ ಒಳಗಿನದನ್ನು ಹೇಳಬೇಕು.

ಎರಡನೇ ಸೆಶನ್ನಿನಲ್ಲಿ ಮೇಡಂ ಕೇಳಿದರು: "ಬದುಕೇ ಸಾಕು ಅನ್ನಿಸಿದ್ದು ಇದೆಯಾ?"

ಅನ್ನಿಸಿತ್ತು. ಎರಡು ಸಲ. ಆದರೆ ಪಕ್ಕದಲ್ಲೇ ಅವರಪ್ಪನ ಓರಗೆಯ ಒಬ್ಬರು ಕೂತಿದ್ದರು. ಇವನು ಹೇಳಿದ: "ಇಲ್ಲ ಮೇಡಂ, ಎಲ್ಲ ಆರಾಮ. ಇಲ್ಲಿ ಮಳೆ ಜೋರು."

ಮಲ್ಲತ್ತಹಳ್ಳಿಯ ಏರಿ ಮೇಲೆ ಈ ಮಾತು ಕೇಳಿದಾಗ ನಮಗೆ ನಿಜಕ್ಕೂ ಮೈ ಜುಂ ಅಂದಿತು. ಅತ್ತ ಕಡೆ ಓದಿದವರು, ಅನುಭವ ಇದ್ದವರು, ಕೇಳಬೇಕಾದ ಪ್ರಶ್ನೆಯನ್ನೇ ಕೇಳಿದ್ದಾರೆ. ಫೋನೂ ಕಟ್ ಆಗಿಲ್ಲ. ಆದರೂ ಉತ್ತರ ಸುಳ್ಳು. ಅದಕ್ಕೆ ಕಾರಣ ಇಷ್ಟೇ: ಇತ್ತ ಕಡೆ ಒಂದು ಬಾಗಿಲು ಇರಲಿಲ್ಲ.

ಇನ್ನು ಏರಿಯವನ ಕತೆ. ಅವನಿಗೆ ಸಿಗ್ನಲ್ಲಿಗೆ ಬರವಿಲ್ಲ, ಫೈವ್‌ಜಿ ಇದೆ. ನಿಮ್ಹಾನ್ಸ್ ಅದೇ ಊರಿನಲ್ಲಿದೆ, ಬಸ್ಸು ಬದಲಿಸಿ ಹೋಗಿಬರಬಹುದು. ಆದರೆ ಡೆಸ್ಕಿನ ಶಿಫ್ಟು ಬಿಡುವು ಕೊಡುವುದಿಲ್ಲ. ಇರುವುದು ಪಿಜಿಯಲ್ಲಿ, ಒಂದು ರೂಮಿಗೆ ನಾಲ್ಕು ಮಂಚ. ಒಬ್ಬ ನೈಟ್ ಶಿಫ್ಟ್ ಮುಗಿಸಿ ಮಲಗಿರುತ್ತಾನೆ, ಒಬ್ಬ ರೀಲ್ಸ್ ನೋಡುತ್ತಿರುತ್ತಾನೆ. ಟೆರೇಸಿಗೆ ಬೀಗ. ಬಾತ್‌ರೂಮಿನಲ್ಲಿ ನಿಂತು ಹದಿನೈದು ನಿಮಿಷ ಮಾತಾಡಿದರೆ ಹೊರಗಿನಿಂದ ಬಾಗಿಲು ಬಡಿಯುತ್ತಾರೆ. ಅದಕ್ಕೇ ಕೆರೆ ಏರಿ. ಅಲ್ಲೂ ಎದುರಿಗೆ ಯಾರಾದರೂ ಬಂದರೆ ಮಾತು ನುಂಗುವುದು, ಅವರು ದಾಟಿದ ಮೇಲೆ ಮುಂದುವರಿಸುವುದು. ಕತ್ತಲಾದರೆ ಸೆಕ್ಯುರಿಟಿಯವರ ಸೀಟಿ. "ಅಳು ಬಂದಾಗ ಕೆರೆ ಕಡೆ ಮುಖ ಮಾಡಿ ನಿಲ್ತಿದ್ದೆ, ಬಾತುಕೋಳಿ ನೋಡೋನ ಥರ" ಎಂದ.

ಒಬ್ಬ ಶರಾವತಿ ಹಿನ್ನೀರಿನ ಆಚೆ, ಇನ್ನೊಬ್ಬ ರಾಜಧಾನಿಯ ಒಳಗೆ. ಇಬ್ಬರ ಕಷ್ಟವೂ ಒಂದೇ. ಕುಗ್ರಾಮ ಎಂದರೆ ಬಸ್ಸಿಲ್ಲದ ಊರು, ಟವರಿಲ್ಲದ ಊರು ಎಂದು ನಾವು ಇಷ್ಟು ವರ್ಷ ಬರೆದುಕೊಂಡು ಬಂದೆವು. ಮನಸ್ಸಿನ ವಿಷಯಕ್ಕೆ ಬಂದರೆ, ಅರ್ಧ ಗಂಟೆ ಯಾರ ಕಿವಿಗೂ ಬೀಳದೆ ಮಾತಾಡಲು ಜಾಗ ಇಲ್ಲದಿದ್ದರೆ ಮಲ್ಲತ್ತಹಳ್ಳಿಯೂ ಕುಗ್ರಾಮವೇ.

ಇರುವ ವ್ಯವಸ್ಥೆ ಸಣ್ಣದಲ್ಲ

ಸರ್ಕಾರ ಏನೂ ಮಾಡಿಲ್ಲ ಎಂದು ಬೈದು ಮುಗಿಸುವುದು ಸುಲಭ, ಅದು ಸತ್ಯವಲ್ಲ. ಮನಸ್ಸಿನ ಚಿಕಿತ್ಸೆಯನ್ನು ದೊಡ್ಡ ಆಸ್ಪತ್ರೆಯಿಂದ ಹಳ್ಳಿಯ ಕಡೆ ಒಯ್ಯುವುದರಲ್ಲಿ ಕರ್ನಾಟಕ ದೇಶಕ್ಕೇ ದಾರಿ ತೋರಿಸಿದೆ. ಎಂಬತ್ತರ ದಶಕದಲ್ಲಿ ನಿಮ್ಹಾನ್ಸ್ ಬಳ್ಳಾರಿ ಜಿಲ್ಲೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರು ಮತ್ತು ಸಿಬ್ಬಂದಿಗೆ ತರಬೇತಿ ಕೊಟ್ಟು ಮಾಡಿದ ಪ್ರಯೋಗವೇ 1996ರಲ್ಲಿ ಶುರುವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾಯಿತು. ತಾಲೂಕು ಆಸ್ಪತ್ರೆಗೆ ಮಂಗಳವಾರ ಮನೋವೈದ್ಯರು ಬರುವ ಮನೋಚೈತನ್ಯ ನಮ್ಮ ರಾಜ್ಯದ್ದೇ ಯೋಜನೆ. ಮಾನಸಿಕ ಆರೋಗ್ಯ ಸೇವೆ ಪಡೆಯುವುದು ಪ್ರತಿಯೊಬ್ಬರ ಹಕ್ಕು ಎಂದು 2017ರ ಮಾನಸಿಕ ಆರೋಗ್ಯ ರಕ್ಷಣಾ ಕಾಯ್ದೆ ಹೇಳುತ್ತದೆ. ಇತರ ಕಾಯಿಲೆಗಳಂತೆ ಇದಕ್ಕೂ ವಿಮೆ ಕೊಡಬೇಕು ಎಂದೂ ಅದರಲ್ಲೇ ಇದೆ.

2022ರ ಅಕ್ಟೋಬರ್ 10ರಂದು ಟೆಲಿ ಮಾನಸ್ ಬಂತು. ನಂಬರು 14416. ದಿನದ 24 ಗಂಟೆ, ಕಾಸಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಇಡೀ ದೇಶದ ಈ ವ್ಯವಸ್ಥೆಗೆ ಮುಖ್ಯ ಕೇಂದ್ರ ನಮ್ಮ ನಿಮ್ಹಾನ್ಸೇ. ಕರೆ ಮಾಡಿದರೆ ಮೊದಲು ಭಾಷೆ ಕೇಳುತ್ತದೆ, ತರಬೇತಿ ಪಡೆದ ಕೌನ್ಸೆಲರ್ ಸಿಗುತ್ತಾರೆ, ಬೇಕಾದರೆ ಮನೋವೈದ್ಯರಿಗೆ ಜೋಡಿಸುತ್ತಾರೆ, ನೇರ ಹೋಗಬೇಕಾದರೆ ಹತ್ತಿರದ ಆಸ್ಪತ್ರೆ ಹೇಳುತ್ತಾರೆ. ನಮ್ಮಂಥ ಊರಿನವರಿಗೆ ಇದರಲ್ಲಿ ಮುಖ್ಯವಾದ್ದು ಏನೆಂದರೆ, ಇದಕ್ಕೆ ಇಂಟರ್ನೆಟ್ ಬೇಕಿಲ್ಲ. ಒಂದು ಕಡ್ಡಿ ಸಿಗ್ನಲ್ ಮತ್ತು ಕೀಪ್ಯಾಡ್ ಫೋನು ಸಾಕು.

ಹಾಗಿದ್ದರೂ ಚಿಕಿತ್ಸೆ ಬೇಕಾದವರಿಗೂ ಚಿಕಿತ್ಸೆ ಸಿಕ್ಕವರಿಗೂ ನಡುವಿನ ಕಂದಕ ದೊಡ್ಡದು. 2015-16ರಲ್ಲಿ ನಿಮ್ಹಾನ್ಸ್ 12 ರಾಜ್ಯಗಳಲ್ಲಿ ಮಾಡಿದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ಬೇರೆ ಬೇರೆ ಮಾನಸಿಕ ಕಾಯಿಲೆಗಳಲ್ಲಿ ಶೇ 70ರಿಂದ 92ರಷ್ಟು ಜನ ಚಿಕಿತ್ಸೆಯಿಂದ ಹೊರಗೇ ಇದ್ದರು. ತೀವ್ರ ಕಾಯಿಲೆಯವರು ಊರಿನ ಕಣ್ಣಿಗಾದರೂ ಬೀಳುತ್ತಾರೆ, ಆಶಾ ಅಕ್ಕ ಬರೆದುಕೊಂಡು ಹೋಗುತ್ತಾರೆ. ಆತಂಕದವನು ಬೀಳುವುದಿಲ್ಲ. ಅವನು ಕೆಲಸಕ್ಕೆ ಹೋಗುತ್ತಾನೆ, ಸಾಲ ಕಟ್ಟುತ್ತಾನೆ, ಮದುವೆ ಮನೆಯಲ್ಲಿ ಪಾಯಸ ಬಡಿಸುತ್ತಾನೆ. ಅವನು ತಾನೇ ಬಾಯಿ ಬಿಟ್ಟರಷ್ಟೇ ಗೊತ್ತಾಗುವುದು. ಬಾಯಿ ಬಿಡುವುದಕ್ಕೆ ಜಾಗ ಬೇಕು.

ನಮ್ಮದೇ ತಟ್ಟೆಯ ವಿಷಯವನ್ನೂ ಹೇಳಬೇಕು. 2019ರ ಸೆಪ್ಟೆಂಬರಿನಲ್ಲಿ ಭಾರತೀಯ ಪತ್ರಿಕಾ ಮಂಡಳಿ ಆತ್ಮಹತ್ಯೆಯ ಸುದ್ದಿ ಹೇಗೆ ಬರೆಯಬೇಕು ಎಂದು ಮಾರ್ಗಸೂಚಿ ಕೊಟ್ಟಿತು. ಮೆರೆಸಿ ಬರೆಯಬೇಡಿ, ವಿಧಾನ ವಿವರಿಸಬೇಡಿ ಎಂಬುದೆಲ್ಲ ಅದರಲ್ಲಿದೆ. ಈಗ ನಾವು ಅಂಥ ಸುದ್ದಿಯ ಕೊನೆಗೆ ಸಹಾಯವಾಣಿ ನಂಬರನ್ನೂ ಹಾಕುತ್ತೇವೆ. ಗುಡ್ಡದವನು ಆ ನಂಬರನ್ನು ಎಷ್ಟು ಸಲ ಟೈಪ್ ಮಾಡಿದ್ದನೋ ಲೆಕ್ಕವಿಲ್ಲ, ಬೆರಳಿಗೇ ಬಾಯಿಪಾಠವಾಗಿತ್ತು. ತನಗೇ ಬೇಕಾದಾಗ ಒಂದು ಸಲವೂ ಒತ್ತಲಿಲ್ಲ. "ಅದು ಓದುಗರಿಗೆ ಅಂದ್ಕೊಂಡಿದ್ದೆ" ಎಂದ. ನಾವೆಲ್ಲರೂ ಹಾಗೇ ಅಂದುಕೊಂಡಿದ್ದೆವು.

ಅಂಟು ಹಚ್ಚಿದ ಕಾಗದ

ದೂರದಲ್ಲಿರುವ ಡಾಕ್ಟರಿಗೆ ಕಷ್ಟ ಹೇಳಿಕೊಳ್ಳುವುದು ಕನ್ನಡಿಗರಿಗೆ ಹೊಸದೇನಲ್ಲ. ಶಿವಮೊಗ್ಗದ ಡಾ. ಅಶೋಕ್ ಪೈ, ನಿಮ್ಹಾನ್ಸಿನಲ್ಲಿದ್ದ ಡಾ. ಸಿ.ಆರ್. ಚಂದ್ರಶೇಖರ್ ಅಂಥವರು ಮನಸ್ಸಿನ ಕಾಯಿಲೆಗಳ ಬಗ್ಗೆ ತಿಳಿಗನ್ನಡದಲ್ಲಿ ಬರೆದು ಬರೆದು ನಮ್ಮ ಅಪ್ಪ ಅಮ್ಮಂದಿರ ಹೆದರಿಕೆ ಇಳಿಸಿದವರು. ಪತ್ರಿಕೆಗಳ ಪ್ರಶ್ನೋತ್ತರ ಅಂಕಣಕ್ಕೆ ಹೆಸರು ಬೇಡ, ಊರು ಬೇಡ ಎಂದು ಬರೆದು ಕಳಿಸಿದವರು ಎಲ್ಲ ಹಳ್ಳಿಗಳಲ್ಲೂ ಇದ್ದರು.

ಆ ಕಾಗದಕ್ಕೆ ಒಂದು ಅನುಕೂಲ ಇತ್ತು. ಎಲ್ಲರೂ ಮಲಗಿದ ಮೇಲೆ ಬರೆಯಬಹುದಿತ್ತು. ಇನ್‌ಲ್ಯಾಂಡ್ ಲೆಟರಿಗೆ ಅಂಟು ಹಚ್ಚಿ ಮಡಿಚಿದರೆ ಪೋಸ್ಟ್‌ಮ್ಯಾನ್ ಅಣ್ಣನಿಗೂ ಒಳಗೇನಿದೆ ಗೊತ್ತಾಗುತ್ತಿರಲಿಲ್ಲ. ಉತ್ತರ ಬರಲು ತಿಂಗಳಾಗುತ್ತಿತ್ತು ನಿಜ. ಫೋನಿನಲ್ಲಿ ಉತ್ತರ ಕೂಡಲೇ ಬರುತ್ತದೆ, ಆದರೆ ಮಾತಿಗೆ ಅಂಟು ಹಚ್ಚಲು ಆಗುವುದಿಲ್ಲ.

ಆತಂಕಕ್ಕೆ ಆನ್‌ಲೈನ್ ಕೌನ್ಸೆಲಿಂಗ್ ಉಪಯೋಗವೇ ಇಲ್ಲ ಎನ್ನುವವರ ಮಾತನ್ನು ನಾವು ಒಪ್ಪುವುದಿಲ್ಲ. ಯೋಚನೆ ಮತ್ತು ನಡವಳಿಕೆಯನ್ನು ಹಂತ ಹಂತವಾಗಿ ತಿದ್ದುವ ಸಿಬಿಟಿ ಎಂಬ ಚಿಕಿತ್ಸೆ, ಸರಿಯಾದವರು ಜತೆಗಿದ್ದರೆ, ಆತಂಕಕ್ಕೆ ಆನ್‌ಲೈನಿನಲ್ಲೂ ಚೆನ್ನಾಗಿ ಕೆಲಸ ಮಾಡುತ್ತದೆ ಎಂದು ಬೇರೆ ಬೇರೆ ದೇಶಗಳ ಅಧ್ಯಯನಗಳು ಹೇಳಿವೆ. ನಮ್ಮವರಿಬ್ಬರೂ ಸುಧಾರಿಸಿದ್ದಾರೆ. ಗುಡ್ಡದವನು ಬಿಟ್ಟಿದ್ದ ಬಸ್‌ಸ್ಟ್ಯಾಂಡಿಗೆ ಹಂತ ಹಂತವಾಗಿ ಮರಳಿದ. ಮೊದಲ ವಾರ ಹೊರಗಿನ ಟೀ ಅಂಗಡಿ ತನಕ, ಮುಂದಿನ ವಾರ ಒಳಗೆ ಐದು ನಿಮಿಷ, ಆಮೇಲೆ ಒಂದು ಬಸ್ಸು ಬಂದು ಹೋಗುವ ತನಕ. ಎದೆ ಹೊಡೆದುಕೊಂಡರೂ ಓಡಿಹೋಗದೆ ನಿಂತು, ಅದು ತಾನೇ ಇಳಿಯುವುದನ್ನು ನೋಡುವುದು. ಇದನ್ನೆಲ್ಲ ಕಲಿಸಿದ್ದು ಫೋನಿನಲ್ಲೇ.

ಆದರೆ ಆ ಕಲಿಕೆ ಶುರುವಾದದ್ದು ಅವನಿಗೆ ಒಂದು ಬಾಗಿಲು ಸಿಕ್ಕ ಮೇಲೆ. ಬಾಗಿಲು ಸಿಗುವ ತನಕ ಮೇಡಂ ಒಂದು ಉಪಾಯ ಮಾಡಿದ್ದರು. ಸೊನ್ನೆಯಿಂದ ಹತ್ತರ ತನಕ ನಂಬರಿನಲ್ಲಿ ಉತ್ತರ ಹೇಳಿ ಎಂದರು. "ಗಾಬರಿ ಈ ವಾರ ಎಷ್ಟು?" "ಏಳು ಮೇಡಂ." "ನಿದ್ದೆ?" "ಮೂರು." ಪಕ್ಕದಲ್ಲಿದ್ದವರು ಯಾವುದೋ ರೇಟು ಎಂದುಕೊಂಡರಂತೆ. ಹೀಗೆ ಮೂರು ವಾರ ಕಳೆದ ಮೇಲೆ ಗ್ರಾಮ ಪಂಚಾಯಿತಿಯ ಅರಿವು ಕೇಂದ್ರ, ಅಂದರೆ ಮೊದಲಿನ ಗ್ರಂಥಾಲಯವನ್ನು ನೋಡಿಕೊಳ್ಳುವ ಅಕ್ಕನಿಗೆ ಅವನು ಅರ್ಧ ಸತ್ಯ ಹೇಳಿದ: "ಅಕ್ಕಾ, ಒಂದು ಆನ್‌ಲೈನ್ ಮೀಟಿಂಗ್ ಅದೆ, ಶನಿವಾರ ಅರ್ಧ ಗಂಟೆ ಹಿಂದಿನ ಕೋಣೆ ಕೊಡ್ತೀರಾ?" ಹಳೆಯ ಪೇಪರು ಪೇರಿಸಿಟ್ಟ ಕೋಣೆ. ವೈಫೈ ಇತ್ತು, ಒಂದು ಕುರ್ಚಿ ಇತ್ತು, ಒಳಗಿನಿಂದ ಹಾಕಿಕೊಳ್ಳಲು ಚಿಲಕ ಇತ್ತು. ಆ ಶನಿವಾರ ಅವನು ಮೇಡಂಗೆ ಮೊದಲು ಹೇಳಿದ ಮಾತು: "ಆವತ್ತು ಕೇಳಿದ್ರಲ್ಲ, ಅದಕ್ಕೆ ಉತ್ತರ ಹೌದು."

ಅಕ್ಕ ಇವತ್ತಿನ ತನಕ ಏನು ಮೀಟಿಂಗ್ ಎಂದು ಕೇಳಿಲ್ಲ. ಸೆಶನ್ ಮುಗಿದು ಕಣ್ಣು ಒರೆಸಿಕೊಂಡು ಹೊರಗೆ ಬಂದರೆ "ಧೂಳು ಜಾಸ್ತಿ ಅಲ್ದಾ ಅಲ್ಲಿ" ಎನ್ನುತ್ತಾರಂತೆ.

ನಾವು ಕೇಳುವುದು ಇಷ್ಟೇ

ಒಬ್ಬ ಅಕ್ಕನ ಒಳ್ಳೆಯತನದಲ್ಲಿ ಸಿಕ್ಕಿದ್ದು ವ್ಯವಸ್ಥೆಯಾಗಿ ಸಿಗಬೇಕು. ರಾಜ್ಯದಲ್ಲಿ ಐದು ಸಾವಿರಕ್ಕೂ ಹೆಚ್ಚು ಗ್ರಾಮ ಪಂಚಾಯಿತಿ ಗ್ರಂಥಾಲಯಗಳಿವೆ. ಅವುಗಳಲ್ಲಿ ಎಷ್ಟೋ ಕಡೆ ಈಗ ಕಂಪ್ಯೂಟರೂ ಇಂಟರ್ನೆಟ್ಟೂ ಇದೆ. ಅಲ್ಲಿ ಒಂದು ಮೂಲೆಯನ್ನು ಗೋಡೆ ಹಾಕಿ, ಬಾಗಿಲು ಚಿಲಕ ಇಟ್ಟು, ಒಂದು ಕುರ್ಚಿ, ಒಂದು ಫ್ಯಾನು, ಯುಪಿಎಸ್ಸಿನ ಒಂದು ಪ್ಲಗ್ ಪಾಯಿಂಟ್ ಕೊಡಿ. ಬೆಂಗಳೂರಿನಲ್ಲಿ ವಾರ್ಡಿನ ಗ್ರಂಥಾಲಯ, ನಮ್ಮ ಕ್ಲಿನಿಕ್‌ಗಳಲ್ಲಿ ಇದನ್ನೇ ಮಾಡಿ. ಪಿಜಿಗಳಿಗೆ ಲೈಸೆನ್ಸ್ ಕೊಡುವಾಗ ಸಿಸಿ ಕ್ಯಾಮೆರಾ ಕೇಳುತ್ತೀರಿ, ಅಡುಗೆ ಮನೆ ನೋಡುತ್ತೀರಿ. ಇಷ್ಟು ಮಂಚಕ್ಕೆ ಒಂದು ಮಾತಿನ ಕೋಣೆ ಎಂದೂ ಕೇಳಿ.

ಇದಕ್ಕೆ ಒಂದು ಆಕ್ಷೇಪ ಬರುತ್ತದೆ ಎಂದು ಗೊತ್ತು. ಬ್ಯಾಚಿನ ಇನ್ಶೂರೆನ್ಸಿನವನೇ ಎತ್ತಿದ: "ಅಲ್ಲಿಗೆ ಹೋದೋರನ್ನೇ ಊರೋರು ತಲೆ ಕೆಟ್ಟೋರು ಅಂತಾರಲ್ಲೋ?" ಅನ್ನುತ್ತಾರೆ. ಅದಕ್ಕೇ ಬಾಗಿಲ ಮೇಲೆ ಮಾನಸಿಕ ಆರೋಗ್ಯ ಎಂದು ಬೋರ್ಡ್ ಹಾಕಬಾರದು. ಫೋನ್ ಕೋಣೆ ಎನ್ನಿ. ಆನ್‌ಲೈನ್ ಇಂಟರ್‌ವ್ಯೂ ಇದ್ದ ಹುಡುಗಿ ಅಲ್ಲಿ ಕೂರಲಿ. ಕೋರ್ಟ್ ಕೇಸಿದ್ದವರು ವಕೀಲರ ಜತೆ ಅಲ್ಲಿಂದಲೇ ಮಾತಾಡಲಿ. ಗಲ್ಫಿನಲ್ಲಿರುವ ಗಂಡನಿಗೆ ಅತ್ತೆ ಮಾವನ ಎದುರು ಹೇಳಲಾಗದ್ದನ್ನು ಹೆಂಡತಿ ಅಲ್ಲಿ ಹೇಳಲಿ. ನೂರು ಕಾರಣಕ್ಕೆ ಜನ ಹೋಗಿ ಬರುವ ಬಾಗಿಲಿನಲ್ಲಿ ನೂರಾ ಒಂದನೆಯವನು ಯಾಕೆ ಹೋದ ಎಂದು ಯಾರೂ ಕೇಳುವುದಿಲ್ಲ.

ಇನ್ನೊಂದು ಆಕ್ಷೇಪ ನಮ್ಮದೇ. ಕೌನ್ಸೆಲಿಂಗ್ ಸಿಕ್ಕಿತು ಎಂದು ಆತಂಕ ಹುಟ್ಟಿಸುವ ಕೆಲಸದ ರೀತಿಯನ್ನು ಹಾಗೇ ಬಿಡುವುದು ಸರಿಯಲ್ಲ. ನೇಮಕಾತಿ ಪತ್ರವಿಲ್ಲ, ಪಿಎಫ್ ಇಲ್ಲ, ರಾತ್ರಿ ಹನ್ನೊಂದಕ್ಕೆ ಗ್ರೂಪಿನಲ್ಲಿ "ಬೇರೆ ಪೇಪರಿನಲ್ಲಿ ಬಂದಿದೆ, ನಿಮಗೆ ಯಾಕೆ ಗೊತ್ತಾಗಲಿಲ್ಲ?" ಎಂಬ ಮೆಸೇಜು, ಅದರ ಮೇಲೆ ಜಾಹೀರಾತಿನ ವಸೂಲಿ. ಇದನ್ನು ಉಸಿರಾಟದ ವ್ಯಾಯಾಮದಿಂದ ಸರಿಪಡಿಸಲಾಗದು. ನಮ್ಮವನಿಗೆ ಮೇಡಂ ಕೊಟ್ಟ ಒಂದು ಮನೆಗೆಲಸ ಸಂಪಾದಕರಿಗೆ ಒಂದು ಕಾಗದ ಬರೆಯುವುದಾಗಿತ್ತು: ಸಾವಿನ ಮನೆಯ ವರದಿ ಮಾಡಿದ ದಿನ ಜಾಹೀರಾತಿನ ಫೋನು ಬೇಡ. ಬರೆದ. ಉತ್ತರ ಬರಲಿಲ್ಲ. ಆದರೆ ಅಂಥ ದಿನ ಆ ಫೋನು ಮತ್ತೆ ಬಂದಿಲ್ಲ.

ಓದುತ್ತಿರುವವರಲ್ಲಿ ಯಾರಿಗಾದರೂ ಬೇಕಾದರೆ, ನಾವು ಕಲಿತ ನಾಲ್ಕು ಮಾತು. ಎದೆ ನೋವು, ಉಸಿರು ಕಟ್ಟುವುದು ಇದ್ದರೆ ಮೊದಲು ಡಾಕ್ಟರಿಗೆ ತೋರಿಸಿ, ಹೃದಯದ್ದಲ್ಲ ಎಂದು ಖಚಿತ ಮಾಡಿಕೊಳ್ಳಿ. ಕೌನ್ಸೆಲರ್ ಎಂದು ಯಾರು ಬೇಕಾದರೂ ಬೋರ್ಡ್ ಹಾಕಿಕೊಳ್ಳುತ್ತಾರೆ, ಏನು ಓದಿದ್ದೀರಿ ಎಂದು ಕೇಳಲು ಸಂಕೋಚ ಬೇಡ. ಕ್ಲಿನಿಕಲ್ ಸೈಕಾಲಜಿಸ್ಟ್ ಆದರೆ ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ ಇರುತ್ತದೆ. ಮಾತ್ರೆ ಬರೆಯುವುದು ಡಾಕ್ಟರು ಮಾತ್ರ. ನಿದ್ದೆ ಮಾತ್ರೆಯನ್ನು ಮೆಡಿಕಲ್ ಶಾಪಿನಲ್ಲಿ ಕೇಳಿ ತಂದು ನುಂಗಬೇಡಿ. ಮೊದಲ ಕರೆಯಲ್ಲೇ ಹೇಳಿಬಿಡಿ: "ನನ್ನ ಸುತ್ತ ಜನ ಇದ್ದಾರೆ, ಹೌದು ಇಲ್ಲ ಅಷ್ಟೇ ಹೇಳಬಲ್ಲೆ." ಒಳ್ಳೆಯ ಕೌನ್ಸೆಲರ್ ಪ್ರಶ್ನೆಯನ್ನೇ ಅದಕ್ಕೆ ಹೊಂದಿಸಿಕೊಳ್ಳುತ್ತಾರೆ. ಸಾಯುವ ಯೋಚನೆ ಗಟ್ಟಿಯಾಗುತ್ತಿದೆ ಎಂದರೆ ವಾರದ ಸೆಶನ್ನಿಗೆ ಕಾಯಬೇಡಿ. ಹತ್ತಿರದ ಒಬ್ಬರಿಗೆ ಹೇಳಿ, 14416ಕ್ಕೆ ಕರೆ ಮಾಡಿ, ಅವರ ಜತೆ ಆಸ್ಪತ್ರೆಗೆ ಹೋಗಿ. ಆಗ ಯಾರು ಕೇಳಿಸಿಕೊಂಡರೂ ಪರವಾಗಿಲ್ಲ.

ಕೆರೆ ಏರಿಯಿಂದ ಏಳುವಾಗ ಸೆಕ್ಯುರಿಟಿಯವರು ಸೀಟಿ ಊದಿದರು. ನಮ್ಮ ಮುಂದೆ ಒಬ್ಬ ಹುಡುಗಿ ಫೋನಿನಲ್ಲಿ ಮಾತಾಡುತ್ತ ನಡೆಯುತ್ತಿದ್ದವಳು ನಮ್ಮನ್ನು ಕಂಡು ದನಿ ತಗ್ಗಿಸಿದಳು. ನಾವು ಐದೂ ಜನ ಮಾತಾಡದೆ ಸ್ವಲ್ಪ ಹೊತ್ತು ನಿಂತೆವು, ಅವಳು ಮುಂದೆ ಹೋಗಲಿ ಎಂದು.